ಬಾಣಂತಿಗೆ ಕೊಟ್ಟ ಖಾರದ ಪುಡಿ

ತಂಗಿಗೆ ಹೇಳಲೇಬೇಕಾದ ಒಂದು ಮಾತನ್ನು ನಾನು ಹೇಳಲಿಲ್ಲ. ಫೋನು ಕೈಯಲ್ಲೇ ಇತ್ತು.

ಅಮ್ಮ ತೀರಿಹೋಗಿದ್ದರಿಂದ, ತಂಗಿಗೆ ಹೆರಿಗೆಯಾದಾಗ ಬಾಣಂತಿ ಖಾರ ಮಾಡಿಕೊಡುವ ಕೆಲಸ ಅಕ್ಕನಾದ ನನ್ನ ಪಾಲಿಗೆ ಬಂತು. ಕಾಳುಮೆಣಸು ಹುರಿದು, ಕುಟ್ಟಿ, ಜರಡಿ ಹಿಡಿಯಬೇಕು. ಬಿಸಿ ಅನ್ನಕ್ಕೆ ತುಪ್ಪ ಬಿಟ್ಟು ಈ ಪುಡಿ ಕಲಸಿ ತಿನ್ನುತ್ತಾರೆ, ಮತ್ತೆ ಬೇಯಿಸುವುದಿಲ್ಲ. ನಾನಾಗ ಚೆಂಡುಹೂ ಕುಯ್ಯುವ ಕೂಲಿಗೆ ಹೋಗುತ್ತಿದ್ದೆ. ಹೊತ್ತು ಸಾಲದೆ, ಕುಟ್ಟಿದ್ದು ಡಬ್ಬಿಯ ಅರ್ಧಕ್ಕೂ ಬರಲಿಲ್ಲ. ತೆರಕಣಾಂಬಿಯ ಅಂಗಡಿಯಿಂದ ಕಾಳುಮೆಣಸಿನ ಪುಡಿ ಪ್ಯಾಕೆಟ್ ತಂದು ಬೆರೆಸಿದೆ. ಕವರನ್ನು ಒಲೆಗೆ ಹಾಕಿದೆ.

ಕುದೇರಿನ ತಂಗಿ ಮನೆಯಲ್ಲಿ ಡಬ್ಬಿ ಕೊಟ್ಟಾಗ ಅವಳ ಅತ್ತೆ ಮೂಸಿ ನೋಡಿದರು. "ಕುಟ್ಟುದ್ ಪುಡಿ ಅಂದ್ರೆ ಇದು ಕಣಮ್ಮಿ. ನಿಮ್ಮಕ್ಕುನ್ ತೋಳು ಬಿದ್ದೋಗಿರ್ಬೇಕು" ಅಂದರು. ನಾನೂ ನಕ್ಕೆ.

ಸ್ವಲ್ಪ ದಿನದ ಮೇಲೆ ನೋಡಿದರೆ ಅಂಗಡಿಯವನು ಅದೇ ಪ್ಯಾಕೆಟ್ಟುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಅಕ್ಕೋ, ನೀನೂ ತಕೊಂಡಿದ್ದಲ್ಲ, ತಂದ್ಬುಡು. ಕಂಪ್ನಿಯೋರು ವಾಪಸ್ ಕೇಳವ್ರೆ. ಹೊಟ್ಟೆ ಕೆಡ್ಸೋ ಬ್ಯಾಕ್ಟೀರಿಯಾ ಇರ್ಬೋದಂತೆ."

"ಇರ್ಬೋದಾ, ಅದೆಯಾ?"

"ನನ್ನ ಕೇಳ್ತೀಯಲ್ಲ, ನಾನೇನ್ ಡಾಕ್ಟ್ರಾ?"

"ಮುಗ್ದೋಯ್ತು" ಅಂದು ಬಂದುಬಿಟ್ಟೆ.

ಇರಬಹುದು ಅಂದರೆ ಇಲ್ಲದೆಯೂ ಇರಬಹುದು ಅಂದುಕೊಂಡೆ. ಆ ಸಂಜೆ ತಂಗಿಯೇ ಫೋನ್ ಮಾಡಿ, "ಎರಡೊತ್ತೂ ನಿನ್ ಪುಡೀನೇ ಅಕ್ಕಾ" ಅಂದಳು. ನಾನು ಮಗುವನ್ನು ತೊಟ್ಟಿಲಿಗೆ ಹಾಕುವ ಮಾತು ತೆಗೆದೆ. ಪುಡಿ ಬೇಡ ಅಂದಿದ್ದರೆ, ಕುಟ್ಟಿದ್ದಲ್ಲ ಅನ್ನುವುದೂ ಗೊತ್ತಾಗುತ್ತಿತ್ತು.

ಆ ವಾರವೇ ಅವಳಿಗೆ ಭೇದಿ, ಜ್ವರ. ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ಪುಡಿಯಿಂದಲೇ ಬಂದದ್ದೋ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಗುಣವಾದಳು. ಆದರೆ ಸೇರಿಸಿದ ದಿನ ಡಾಕ್ಟರು ಏನು ತಿಂದಿದ್ದಳು ಅಂತ ಕೇಳಿದಾಗ ಅತ್ತೆ, "ಹೊರಗಿಂದು ಒಂದಗುಳೂ ಇಲ್ಲ ಸಾ. ಪುಡೀನೂ ಇವರಕ್ಕ ಕೈಯಾರ ಕುಟ್ಟಿದ್ದು" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮಾರನೇ ದಿನ ಡಾಕ್ಟರು ಅನ್ನ ಕೊಡಬಹುದು ಅಂದರು. ಅತ್ತೆ ಚೀಲದಿಂದ ಬುತ್ತಿಯ ಜೊತೆಗೆ ಅದೇ ಡಬ್ಬಿ ತೆಗೆದರು. ಪುಡಿ ಉದುರಿಸಿ ಕಲಸಿ ತಟ್ಟೆ ಮುಂದಿಟ್ಟರು. ಮಗು ತಂಗಿಯ ಮಡಿಲಲ್ಲಿ ಮಲಗಿತ್ತು. ಅವಳು ತುತ್ತು ಎತ್ತಿದಳು. ನಾನು ಅವಳ ಕೈ ಹಿಡಿದುಕೊಂಡೆ.

"ಯಾಕಕ್ಕಾ?"

"ತಿನ್ಬ್ಯಾಡ. ಇದ್ರಲ್ಲಿ ಅಂಗ್ಡಿ ಪುಡಿ ಬೆರ್ಸಿವ್ನಿ. ಕೆಟ್ಟಿರ್ಬೋದು ಅಂತ ಕಂಪ್ನಿಯೋರು ವಾಪಸ್ ಕೇಳವ್ರೆ. ನಂಗೆ ಮೊದ್ಲೇ ಗೊತ್ತಿತ್ತು, ಯೇಳ್ನಿಲ್ಲ. ತಪ್ಪಾಯ್ತು ಕಣಮ್ಮಿ."