ಎರಡೂ ಕೈ ಬೇಡುವ ಆಟಿಗೆ

ಸಣ್ಣ ಮಕ್ಕಳಿಗೆ ಏನು ಕೊಡಬೇಕು ಎಂದು ನನ್ನನ್ನು ಕೇಳುವವರು ಬಹಳ ಜನ. ಬೈಲಹೊಂಗಲದ ಶಿಶುವಿಹಾರದಲ್ಲಿ ಅಷ್ಟು ವರ್ಷ ಮಕ್ಕಳ ಮೂಗು ಒರೆಸಿದವಳು, ಇವಳಿಗೆ ಗೊತ್ತಿರಬೇಕು ಎಂದು ಅವರ ಲೆಕ್ಕ. ಕೇಳುತ್ತಾರೆ, ನಾನು ಹೇಳುತ್ತೇನೆ, ಹೂಂ ಹೂಂ ಅನ್ನುತ್ತಾರೆ, ಆಮೇಲೆ ನೆಟ್ಟಗೆ ಭಾಂಡೆ ಅಂಗಡಿಗೆ ಹೋಗಿ ಸ್ಟೀಲ್ ಲೋಟ ತರುತ್ತಾರೆ. ಅದರ ಮೇಲೆ ಕೊರೆಸಿದ ಹೆಸರೂ ಮಗುವಿನದಲ್ಲ, ಕೊಟ್ಟವರದು. ಹೇಳಿ ಹೇಳಿ ನನ್ನ ತಲೆ ಕೆಟ್ಟು ಕೆರ ಹಿಡಿದುಹೋಗಿದೆ. ಆದರೂ ಕೇಳಿದವರಿಗೆ ಇನ್ನೂ ಹೇಳುತ್ತಲೇ ಇದ್ದೇನೆ.

ನಾನೇ ಒಮ್ಮೆ ಒಂದು ಆಟಿಗೆ ಆರಿಸಲು ಹೋಗಿ ಪಟ್ಟ ಪಾಡು ಎಪ್ಪತ್ತರ ದಶಕದ ನಡುವಿನದು. ನನ್ನ ತಂಗಿಯನ್ನು ರಾಮದುರ್ಗಕ್ಕೆ ಕೊಟ್ಟಿದ್ದೆವು. ವೈದಿಕರ ಮನೆ. ಅವಳ ಮಾವನವರು ತೊರಗಲ್ಲ ಕೋಟೆಯೊಳಗಿನ ಒಂದು ಗುಡಿಯ ಪೂಜೆಯನ್ನು ಅಣ್ಣತಮ್ಮಂದಿರೊಡನೆ ಪಾಳಿಯ ಮೇಲೆ ಮಾಡಿಕೊಂಡು ಬಂದವರು. ಅವಳ ಗಂಡ ನೇಕಾರರ ಸೊಸೈಟಿಯಲ್ಲಿ ಕಾರಕೂನ. ಮನೆಯಲ್ಲಿ ಅವನ ಮಾತು ಸಾರಿಗೆ ಉಪ್ಪು ಕಡಿಮೆ ಎನ್ನುವುದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಮಗ ಒಬ್ಬನೇ. ಅವನಿಗೆ ನಾಲ್ಕು ತುಂಬಿತ್ತು.

ಆ ವರ್ಷ ಪಂಚಮಿಗೆ ತಂಗಿ ಮಗನನ್ನು ಕರೆದುಕೊಂಡು ತವರಿಗೆ ಬಂದಳು. ಮಧ್ಯಾಹ್ನ ಹುಡುಗನಿಗೆ ಪಾಟಿ ಬಳಪ ಕೊಡುವ ಹೊತ್ತಿಗೆ ಅವಳು ಟ್ರಂಕಿನಿಂದ ಹಳೆಯ ಧೋತರದ ಒಂದು ಪಟ್ಟಿ ತೆಗೆದಳು. ಅವನ ಎಡಗೈಯ ಮಣಿಕಟ್ಟಿಗೆ ಅದನ್ನು ಸುತ್ತಿ, ಇನ್ನೊಂದು ತುದಿಯನ್ನು ಅವನ ಉಡದಾರಕ್ಕೆ ಕಟ್ಟಿದಳು. ಜಡೆ ಹೆಣೆದಷ್ಟೇ ಸಹಜವಾಗಿ ಮಾಡಿದಳು. ನಾನು ಕೈಯಲ್ಲಿದ್ದ ಉಂಡೆಯನ್ನು ತಾಟಿನಲ್ಲಿ ಇಟ್ಟುಬಿಟ್ಟೆ.

"ಇದೇನ ಮಾಡ್ಲಿಕ್ಹತ್ತೀಯೇ?" ಎಂದೆ.

"ಮಾವನವರು ಹೇಳ್ಯಾರ. ಬರಿಯೋ ಹೊತ್ತಿಗೆ, ಕೂತು ಆಡೋ ಹೊತ್ತಿಗೆ ಅಷ್ಟ ಕಟ್ಟೋದು. ಇವಾ ಎಲ್ಲಾದಕ್ಕೂ ಎಡಗೈನ ಮುಂದ ಮಾಡ್ತಾನ. ರೊಡ್ಡ ಆದ ಅಂದ್ರ ನಾಳೆ ಗುಡಿಯೊಳಗ ತೀರ್ಥ ಹೆಂಗ ಕೊಡಬೇಕು?"

"ಯಾವಾಗಿಂದ ನಡದದ ಇದು?"

"ಯುಗಾದಿಯಿಂದ" ಎಂದಳು. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಮಾತಾಡೋ ಮುಂದ ತೊಡರಲಿಕ್ಕೆ ಹತ್ಯಾನ. ಮೊದಲ ಹಿಂಗ ಇರಲಿಲ್ಲ" ಎಂದಳು.

ಹುಡುಗ ಬಲಗೈಯಲ್ಲಿ ಬಳಪ ಹಿಡಿದು ಪಾಟಿಯ ಮೇಲೆ ಏನೋ ಗೀಚುತ್ತಿದ್ದ. ಏನು ಬರೆದೆ ಅಪ್ಪೀ ಎಂದು ಕೇಳಿದರೆ "ಶ್... ಶ್..." ಎಂದು ಅಲ್ಲಿಯೇ ನಿಂತುಬಿಟ್ಟ. ಮುಂದಿನದು ಬರಲಿಲ್ಲ. ಕೆಳಗೆ ಕಟ್ಟಿದ ಕೈಯ ಬೆರಳುಗಳು ಮಾತ್ರ ಆಡುತ್ತಿದ್ದವು.

ಶಿಶುವಿಹಾರದಲ್ಲಿ ಇಂಥ ಇಬ್ಬರು ಮೂವರನ್ನು ಕಂಡಿದ್ದೆ. ಕೈ ಬಿಟ್ಟರೆ ನಾಲಿಗೆ ತಾನೇ ಸಡಿಲಾಗುತ್ತದೆ ಎನ್ನುವುದು ನನ್ನ ನಂಬಿಕೆ. ಡಾಕ್ಟರು ಏನೆನ್ನುತ್ತಾರೋ ಗೊತ್ತಿಲ್ಲ. ಆದರೆ ಬೀಗರ ಮನೆಗೆ ಹೋಗಿ ಬುದ್ಧಿ ಹೇಳುವ ಹಾಗಿಲ್ಲ. ಹೇಳಿದರೆ ನಾನು ಮರುದಿನ ಬಸ್ಸು ಹತ್ತಿ ಬರುತ್ತೇನೆ, ಅಲ್ಲಿ ಉಳಿಯುವವಳು ತಂಗಿ. ವಿಜಯದಶಮಿಗೆ ಅಕ್ಷರಾಭ್ಯಾಸ ಇಟ್ಟುಕೊಂಡಿದ್ದರು. ಅಷ್ಟರೊಳಗೆ ಅವನ ಬಲಗೈ ಪಳಗಲಿ ಎಂದೇ ಮೊದಲೇ ಪಾಟಿ ಹಿಡಿಸಿದ್ದರು. ಅವತ್ತು ನನ್ನಿಂದ ಒಂದು ಉಡುಗೊರೆ, ಆಹೇರ, ಹೋಗಲೇಬೇಕು. ಎರಡೂ ಕೈ ಇಲ್ಲದೆ ಆಡಲಾಗದ ಒಂದು ಆಟಿಗೆ ಕೊಟ್ಟರೆ ಆಡುವಷ್ಟು ಹೊತ್ತಾದರೂ ಆ ಪಟ್ಟಿ ಬಿಚ್ಚಬೇಕಾಗುತ್ತದಲ್ಲ ಎಂದು ಯೋಚನೆ ಮಾಡಿದೆ. ಬಾಯಿಂದ ಹೇಳಿದರೆ ಜಗಳವಾಗುವುದನ್ನು ಆಹೇರದಿಂದ ಹೇಳಬಹುದು.

ಯೋಚನೆ ಮಾಡುವುದೇನೋ ಸುಲಭ. ಆ ಮನೆಗೆ ಆಟಿಗೆ ಆರಿಸುವುದೆಂದರೆ ವರ ಹುಡುಕುವುದಕ್ಕಿಂತ ಕಷ್ಟ. ತಂಗಿಯ ಅತ್ತೆಗೆ ಊಟದ ಹೊತ್ತಿನವರೆಗೂ ಮಡಿ. ಮೊಮ್ಮಗ ಅವರ ಸುತ್ತಲೇ ಇರುವವನು. ಹಾಗಾಗಿ ಅವನ ಕೈಯಲ್ಲಿರುವುದಕ್ಕೂ ಮಡಿ ಬೇಕು. ಅರಿವೆಯ ಗೊಂಬೆ ಮೈಲಿಗೆ. ಅದನ್ನು ಮಧ್ಯಾಹ್ನದವರೆಗೆ ಗೂಟಕ್ಕೆ ನೇತುಹಾಕುತ್ತಿದ್ದರು. ಪ್ಲಾಸ್ಟಿಕ್ಕಿನ ಬಗ್ಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲವಾದ್ದರಿಂದ ಒಂದು ಪ್ಲಾಸ್ಟಿಕ್ ಗಿಳಿಗೆ ದಿನಾ ಬೆಳಿಗ್ಗೆ ಬಾವಿಯ ನೀರು ಹಾಕಿಸಿ, ಹಾಕಿಸಿ, ಕಡೆಗೆ ಅದರ ಬಣ್ಣವೆಲ್ಲ ಹೋಗಿ ಅದು ಗಿಳಿಯೋ ಕಾಗೆಯೋ ತಿಳಿಯದ ಹಾಗಾಗಿತ್ತು. ಉಳಿದದ್ದು ಕಟ್ಟಿಗೆ, ಇಲ್ಲವೇ ಹಿತ್ತಾಳೆ.

ಬೈಲಹೊಂಗಲದ ಪೇಟೆಯಲ್ಲಿ ಅಂಗಡಿಯವನಿಗೆ, "ಮಕ್ಕಳ ಬುದ್ಧಿ ಬೆಳಿಯೋವಂಥಾ ಆಟಗಿ ಸಾಮಾನ ಅದಾವೇನ್ರಿ?" ಎಂದು ಕೇಳಿದೆ. ಅವನು ಒಳಗೆ ಹೋಗಿ ಅಂಕಲಿಪಿ ತಂದ.

"ಇದು ಪುಸ್ತಕ. ನಾ ಆಟಗಿ ಕೇಳಿದೆ."

ಮತ್ತೆ ಒಳಗೆ ಹೋಗಿ ತಗಡಿನ ಪಿಸ್ತೂಲು ತಂದ. "ಬುದ್ಧಿದು ಗೊತ್ತಿಲ್ರಿ ಬಾಯಾರ, ಆದ್ರ ಹುಡುಗ್ರು ಸುಮ್ನ ಇರ್ತಾವು" ಎಂದ.

ಎತ್ತು ಈದಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಕಿತ್ತೂರಿಗೆ ಯಾವುದೋ ಮದುವೆಗೆ ಹೋದಾಗ ಅಲ್ಲಿಯೂ ಹುಡುಕಿದೆ. ಅಲ್ಲಿಯವನು ಪಾಟಿಯನ್ನೇ ಎತ್ತಿ ತೋರಿಸಿ, ಇದರ ಚೌಕಟ್ಟು ಕಟ್ಟಿಗೆಯದೇ ಅಲ್ಲವೇನ್ರಿ ಎಂದ. ಕಡೆಗೆ ನಮ್ಮ ಓಣಿಯ ಹಿಂದಿನ ಬಡಿಗೇರನ ಹತ್ತಿರ ಹೋದೆ. ರಂಟೆ, ಕುಂಟೆ, ಬಂಡಿಯ ನೊಗ ಮಾಡುವ ಮನುಷ್ಯ. ಅವನ ಮುಂದೆ ಕುಳಿತು ನೆಲದ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದೆ: ಚೌಕಾದವು ಇಷ್ಟು, ಉದ್ದನ್ನವು ಇಷ್ಟು, ನಡುವೆ ಕಮಾನಿನಂತೆ ಕೊರೆದವು ಒಂದೆರಡು, ಒಂದರ ಮೇಲೊಂದು ಇಟ್ಟು ಮನೆ ಕಟ್ಟುವ ಹಾಗೆ. ಸಣ್ಣವಿರಲಿ, ನುಣ್ಣಗಿರಲಿ, ಕೂಸಿನ ಕೈಗೆ ಬರುವ ಹಾಗಿರಲಿ ಎಂದು ಸಾವಿರ ಸಲ ಹೇಳಿದೆ. ಅವನು ಎಲೆ ಅಡಿಕೆ ಹಾಕಿಕೊಂಡು ತಲೆ ಆಡಿಸಿದ.

ದಸರೆಗೆ ಮೊದಲು ಹೋಗಿ ನೋಡಿದೆ. ಜಾಲಿಯ ಕಟ್ಟಿಗೆಯಲ್ಲಿ, ಒಂದೊಂದು ಅರ್ಧ ಇಟ್ಟಂಗಿಯಷ್ಟು. ನುಣ್ಣಗೇನೋ ಇದ್ದವು, ಆದರೆ ನನಗೇ ಒಂದು ಕೈಯ ಹಿಡಿತಕ್ಕೆ ಕಷ್ಟದಿಂದ ಬರುತ್ತಿದ್ದವು.

"ಸಣ್ಣವು ಮಾಡು ಅಂದಿದ್ದೆನಲ್ಲೋ."

"ಸಣ್ಣವು ಮಾಡಿದ್ರ ನುಂಗತಾವರಿ. ಇವು ನೋಡ್ರಿ, ಅವನ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗೂದಿಲ್ಲ."

"ಮೊಮ್ಮಕ್ಕಳಿಗೆ ಮಾಡಸಾಕ ಬಂದಿಲ್ಲ ನಾನು."

"ಗಟ್ಟಿ ಇರಬೇಕ್ರಿ ಬಾಯಾರ. ಸಾಮಾನು ಅಂದಮ್ಯಾಲ ಗಟ್ಟಿ ಇರಬೇಕು" ಎಂದು ಅವನು ಮತ್ತೊಂದು ಕುಂಟೆಗೆ ಕೈಹಾಕಿದ. ಬೇರೆ ಮಾಡಿಸಲು ದಿನ ಉಳಿದಿರಲಿಲ್ಲ. ಒಂದು ಗೋಣಿಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಚೀಲಕ್ಕೆ ಕಾಲು ತಾಗಿಸಿ, "ಒಳಕಲ್ಲ ಏನ್ರಿ?" ಎಂದ. ಆಟಿಗೆ ಸಾಮಾನು ಎಂದೆ. ಅವನು ನನ್ನ ಮುಖ ನೋಡಿ ಸೀಟಿ ಊದಿದ.

ವಿಜಯದಶಮಿಯ ಬೆಳಿಗ್ಗೆ ರಾಮದುರ್ಗದ ಮನೆಯಲ್ಲಿ ನೆಂಟರು ತುಂಬಿದ್ದರು. ಪಡಸಾಲೆಯಲ್ಲಿ ತಾಟಿನ ತುಂಬ ಅಕ್ಕಿ ಹರಡಿದ್ದರು. ಅಜ್ಜ ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಅವನ ಬಲಗೈಯ ಬೆರಳಿನಿಂದ ಅಕ್ಕಿಯಲ್ಲಿ ಶ್ರೀಕಾರ ಬರೆಸಿದರು. ಎಡಗೈಗೆ ಅವತ್ತು ಧೋತರದ ಪಟ್ಟಿಯಿಲ್ಲ, ಹಬ್ಬವಲ್ಲವೇ, ರೇಷ್ಮೆಯ ಮಗುಟದ ತುಂಡು ಕಟ್ಟಿದ್ದರು. ಮುತ್ತೈದೆಯರು ಆರತಿ ಮಾಡಿದರು. ಎಲ್ಲರ ಮುಖದಲ್ಲೂ ಸಂತೋಷ. ಹುಡುಗ ಅಳಲೂ ಇಲ್ಲ, ನಗಲೂ ಇಲ್ಲ.

ಆಮೇಲೆ ಆಹೇರ. ಯಾರು ಏನು ಕೊಟ್ಟರು ಎಂದು ಒಬ್ಬರು ನಿಂತು ಜೋರಾಗಿ ಹೇಳುವುದು ಪದ್ಧತಿ. ಪಾಟಿ ಬಂತು, ಮತ್ತೆ ಪಾಟಿ ಬಂತು, ಲೋಟ ಬಂತು, ತಟ್ಟೆ ಬಂತು. ನನ್ನ ಸರದಿಗೆ ಗೋಣಿಚೀಲ ಬಿಚ್ಚಿದಾಗ ಹೇಳುವವರು ಬಗ್ಗಿ ಒಳಗೆ ಎರಡು ಸಲ ಇಣುಕಿದರು. ಕಡೆಗೆ "ದೊಡ್ಡಮ್ಮನ ಕಡಿಂದ ಕಟಗಿ" ಎಂದು ಸಾರಿದರು. ನೆಂಟರೆಲ್ಲ ಹೊಳ್ಳಿ ನನ್ನನ್ನು ನೋಡಿದರು. ತಂಗಿ ತಲೆ ತಗ್ಗಿಸಿದಳು.

ಅತ್ತೆಯವರು ಮಾತ್ರ ಬಂದು ಒಂದನ್ನು ಎತ್ತಿ, ತಿರುವಿ, ಉಗುರಿನಿಂದ ಕೆರೆದು ನೋಡಿದರು. "ಬಣ್ಣ ಹಚ್ಚಿಲ್ಲ. ಮಡಿಗೆ ಬರ್ತಾವ" ಎಂದರು. ನನಗೆ ಜೀವ ಬಂತು. ಅವರು ಇನ್ನೂ ಮೂರನ್ನು ಆರಿಸಿ ತೆಗೆದುಕೊಂಡು ಒಳಗೆ ಹೋದರು. ನಾನು ಹಿಂದೆ ಹೋಗಿ ನೋಡುವಷ್ಟರಲ್ಲಿ ದೇವರ ಮಂಟಪದ ನಾಲ್ಕು ಕಾಲಿನ ಕೆಳಗೆ ನಾಲ್ಕು ತುಂಡು ಕೂತಿದ್ದವು. "ಮಂಟಪ ತಗ್ಗಿನಾಗ ಇತ್ತು ನೋಡವಾ, ನೀರ ಹೋಗಿ ಒರಲಿ ಹುಳಾ ಹತ್ತಿತ್ತು. ಛಲೋ ತಂದಿ" ಎಂದು ನನ್ನ ಬೆನ್ನು ಸವರಿದರು.

"ಅವು ಹುಡುಗನ ಆಟಗಿ ಅದಾವ್ರಿ" ಎಂದೆ.

"ದೇವರ ಕೆಳಗ ಹೋದದ್ದನ್ನ ಹೊಳ್ಳಿ ಆಡಲಿಕ್ಕೆ ಕೊಡತಾರೇನ ಯಾರಾದ್ರೂ?" ಎಂದರು, ಕೂಸಿಗೆ ಹೇಳಿದಂತೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಬಾಯಿ ತುದಿಗೆ ಬಂದಿತ್ತು. ಪೂಜಾರಿಯ ಮನೆಯಲ್ಲಿ ನಿಂತು ಅದನ್ನು ಅನ್ನುವುದು ಹೇಗೆ? ನುಂಗಿಕೊಂಡೆ. ನುಂಗಿದ್ದು ಇಳಿಯಲಿಲ್ಲ. ಪಡಸಾಲೆಗೆ ಬಂದು, ಗೋಡೆಗೆ ಒರಗಿ ಕುಳಿತಿದ್ದ ಅಜ್ಜನವರ ಮುಂದೆ ನಿಂತೆ.

"ನಿಮ್ಮ ಮೊಮ್ಮಗಾ ಮಾತಾಡೋ ಮುಂದ ತೊಡರತಾನ. ನಿಮಗ ಕೇಳಸ್ತದೋ ಇಲ್ಲೋ?" ಎಂದೆ.

"ಕೇಳಸ್ತದ" ಎಂದರು. ಸಿಟ್ಟಾಗಲಿಲ್ಲ. "ನನಗ ಸಂಕಟ ಇಲ್ಲಂತ ತಿಳೀಬ್ಯಾಡವಾ. ಇಷ್ಟು ತಲೆಮಾರಿಂದ ಬಂದ ಪೂಜಿ. ಇವಾ ಎಡಗೈಲೆ ತೀರ್ಥ ಕೊಟ್ರ ಊರ ಮಂದಿ ಕೈ ಹಿಂದ ತಗೋತಾರ. ಅವತ್ತ ಇವಗ ಆಗೋ ಅಪಮಾನಕ್ಕ ನಾ ಇರಂಗಿಲ್ಲ, ನೀನೂ ಇರಂಗಿಲ್ಲ. ಗಿಡ ಇದ್ದಾಗ ಬಗ್ಗಸಬೇಕು. ಮರ ಆದಮ್ಯಾಲ ಬಗ್ಗತದೇನು?"

ಅವರು ಕೆಟ್ಟವರಾಗಿದ್ದರೆ ಜಗಳಾಡಿ ಹಗುರಾಗುತ್ತಿದ್ದೆ. ಮೊಮ್ಮಗನ ಮುಂದಿನ ಮಾನಕ್ಕೆ ಹೆದರುವ ಮುದುಕನ ಹತ್ತಿರ ಜಗಳವೂ ಆಗುವುದಿಲ್ಲ. ನಾನು ಉಳಿದ ತುಂಡುಗಳನ್ನು ಚೀಲದಲ್ಲಿ ಎಳೆದುಕೊಂಡು ಹಿತ್ತಲ ಕಟ್ಟೆಗೆ ಹೋದೆ. ಹುಡುಗನನ್ನು ಕರೆದು, ಕೈಗೆ ಇನ್ನೂ ಕಟ್ಟಿಕೊಂಡೇ ಇದ್ದ ರೇಷ್ಮೆಯನ್ನು ಬಿಚ್ಚಿ, ಆಡು ಎಂದೆ.

ಅವನಿಗೆ ಆಸೆ ಎದ್ದದ್ದು ಕಣ್ಣಲ್ಲೇ ಕಾಣಿಸಿತು. ಬಂದು ಕುಳಿತ. ಬಿಚ್ಚಿದ ಎಡಗೈಯನ್ನು ತಾನೇ ಬೆನ್ನ ಹಿಂದೆ ಒಯ್ದು ಅಂಗಿಯ ಅಂಚು ಹಿಡಿದುಕೊಂಡ. ಬಲಗೈಯಿಂದ ಒಂದು ತುಂಡು ಎತ್ತಲು ನೋಡಿದ. ಅದು ಮೇಲೇಳಲಿಲ್ಲ. ಬಗ್ಗಿ, ತಿಣುಕಿ, ಮೊಣಕಾಲಿನಿಂದ ತಳ್ಳಿ ನೋಡಿದ. ಎಡಗೈ ಮಾತ್ರ ಅಂಗಿಯನ್ನು ಬಿಡಲಿಲ್ಲ. "ಆ ಕೈನೂ ಹಚ್ಚೋ ಅಪ್ಪೀ" ಎಂದರೆ ಬೇಡ ಎಂದು ತಲೆ ಅಲ್ಲಾಡಿಸಿದ. ಜಾಲಿಯ ಕಟ್ಟಿಗೆಗೂ ಅದನ್ನು ಕೆತ್ತಿದ ಬಡಿಗೇರನಿಗೂ ಆ ಹೊತ್ತಿನಲ್ಲಿ ನಾನು ಹಾಕದ ಶಾಪವಿಲ್ಲ.

ಅಜ್ಜ ಬಚ್ಚಲಿಗೆಂದು ಬಂದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕಡೆಗೆ ಮೆಲ್ಲಗೆ, "ಅಪ್ಪೀ, ಇವತ್ತ ಸೂಟಿ ಅದ" ಎಂದು ರಜೆ ಸಾರಿದರು.

ಹುಡುಗ ತಲೆ ಎತ್ತಿದ. "ಯಾ... ಯಾವ ಕೈಗೆ?" ಎಂದು ಕೇಳಿದ.

ಕೇಳಿದ್ದು ತುಂಟತನದಿಂದಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನಾನು ಅಜ್ಜನ ಮುಖ ನೋಡಲಾರದೆ ಬಾವಿಯ ಕಡೆ ನೋಡಿದೆ. ಒಳಗೆ ನೆಂಟರು ಊಟಕ್ಕೆ ಎಲೆ ಹಾಕುವ ಗದ್ದಲ ಕೇಳುತ್ತಿತ್ತು. ಅಜ್ಜ ಬಂದು, ಉಟ್ಟ ಮಡಿಯಲ್ಲೇ, ಮಣ್ಣಿನ ಕಟ್ಟೆಯ ಮೇಲೆ ಮೊಮ್ಮಗನ ಎದುರಿಗೆ ಕುಳಿತರು.

"ಎರಡಕ್ಕೂ" ಎಂದರು.

ಹುಡುಗ ನಂಬಲಿಲ್ಲ. ಕೈ ಬೆನ್ನ ಹಿಂದೆಯೇ ಇತ್ತು. ಅಜ್ಜ ಆಗ ತಮ್ಮ ಎಡಗೈ ಚಾಚಿ ಒಂದು ತುಂಡನ್ನು ಎತ್ತಿದರು. ಆ ಕೈಗೆ ರೂಢಿ ಇರಲಿಲ್ಲ. ಹೇಗೋ ಇನ್ನೊಂದರ ಮೇಲೆ ಓರೆಯಾಗಿ ಇಟ್ಟರು. ಅದು ಜಾರಿ ಬೀಳುವುದರಲ್ಲಿತ್ತು.

"ಹಂ... ಹಂಗಲ್ಲ ಅಜ್ಜಾ" ಎಂದು ಹುಡುಗ ಅಂಗಿ ಬಿಟ್ಟು, ಎರಡೂ ಕೈ ಹಚ್ಚಿ ಅದನ್ನು ನೆಟ್ಟಗೆ ಇಟ್ಟ.