ಡಬ್ಬಿಯಲ್ಲಿ ಉಳಿದಿದ್ದ ಒಂದೇ ಸೀಲು

ಮೊನ್ನೆ ನನ್ನ ಹೆಂಡತಿ ಕುಕ್ಕರಿನ ಗ್ಯಾಸ್ಕೆಟ್ಟನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಉಬ್ಬಿ, ಸಡಿಲವಾಗಿ, ಅಂಟಂಟಾಗಿತ್ತು. "ಇದಕ್ಕೆ ತೆಂಗಿನೆಣ್ಣೆ ಹಚ್ಚಿದ್ದು ಯಾರು?" ಅಡಿಗೆಮನೆಯ ಬಾಗಿಲಲ್ಲಿ ಮಗಳು ನೆಲ ನೋಡುತ್ತ ನಿಂತಿದ್ದಳು. ಬಿಸಿಯಾದ ರಬ್ಬರು, ಕಮಟು ಹಿಡಿದ ಎಣ್ಣೆ... ಆ ವಾಸನೆಗೆ ನನಗೆ ಮುಂಬಯಿಯ ವಡಾಲದ ಚಾಳು ನೆನಪಾಯಿತು, ಎದುರು ಖೋಲಿಯ ಕಾಕೂ ನೆನಪಾದರು.

ಐವತ್ತರ ದಶಕದ ಮಾತು. ಉಡುಪಿ ಕಡೆಯಿಂದ ಬಂದು ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದೆ. ಚಿಂತೆ ಮಾಡುವುದು ನನ್ನ ನಿಜವಾದ ಉದ್ಯೋಗ, ಗುಮಾಸ್ತಿಕೆ ಬಿಡುವಿನ ವೇಳೆಯದು. ಸ್ಟೇಶನ್ನಿನವರೆಗೆ ಹೋದವನು ಖೋಲಿಯ ಬೀಗ ಎಳೆದು ನೋಡಲು ವಾಪಸು ಬಂದು ಲೋಕಲ್ ತಪ್ಪಿಸಿಕೊಂಡದ್ದು ಎಷ್ಟು ಸಲವೋ.

ಕಾಕೂ ಧಾರವಾಡದ ಕಡೆಯವರು, ವಿಧವೆ. ಅವರ ಗಂಡ ಫಿಟ್ಟರ್ ಆಗಿದ್ದರು. ದೇಶ ಬಿಟ್ಟು ಹಡಗು ಹತ್ತಿದ ಸಾಹೇಬನೊಬ್ಬ ಬಟ್ಟೆ ಒಗೆಯುವ ಮಶಿನನ್ನು ಅವರಿಗೆ ಕೊಟ್ಟುಹೋಗಿದ್ದ. ನಾಲ್ಕು ಕಾಲಿನ ದುಂಡು ತೊಟ್ಟಿ, ಮೇಲೆ ಹಿಂಡುವ ಎರಡು ರೋಲರು, ತಳದಲ್ಲಿ ಮೋಟರು. ಅದರಲ್ಲಿ ಕಾಕೂ ಒಂದು ಲಾಡ್ಜಿನ ಚಾದರಗಳನ್ನು ಒಗೆದು ಬದುಕುತ್ತಿದ್ದರು. ಒಗೆಯುವ ಸೋಡಾ ತಾಗಿ ತಾಗಿ ಬೆರಳೆಲ್ಲ ಬಿರಿದಿದ್ದವು. ಇನ್ನು ಕೈಯಲ್ಲಿ ಒಗೆಯುವುದು ಅವರಿಂದ ಆಗುತ್ತಿರಲಿಲ್ಲ.

"ಈ ಮಶಿನ್ ಐತಿ ಅಂತ ನಾ ಮುಂಬಯ್ದಾಗ ಅದೀನಿ ತಮ್ಮಾ," ಎನ್ನುತ್ತಿದ್ದರು. "ಇಲ್ಲಂದ್ರ ಅಣ್ಣನ ಮನ್ಯಾಗ, ವೈನಿ ಕೈಕೆಳಗ."

ತೊಟ್ಟಿಯ ತಳದಲ್ಲಿ, ತಿರುಗುವ ದಂಡ ಹೊರಬರುವ ಕಡೆ ಒಂದು ರಬ್ಬರಿನ ಸೀಲು ಇತ್ತು. ಅದು ಸವೆದು, ನೀರು ಮೋಟರಿನ ಮೇಲೆ ಹನಿಯತೊಡಗಿತು. ಪರದೇಶದ ಮಾಲು, ಅಂಗಡಿಗಳಲ್ಲಿ ಕೇಳಿದರೆ ನಕ್ಕರು. ಆದರೆ ಗಂಡ ಒಂದು ಹೊಸ ಸೀಲನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಪೌಡರು ಸವರಿ ಇಟ್ಟುಹೋಗಿದ್ದರು. ಒಂದೇ ಒಂದು. ಇಂಗ್ಲಿಷ್ ಓದಬಲ್ಲವನೆಂದು ಕಾಕೂ ಅದನ್ನೂ ಮಶಿನಿನ ಪುಸ್ತಿಕೆಯನ್ನೂ ನನ್ನ ಕೈಗಿಟ್ಟರು.

ಒಂದು ಭಾನುವಾರ ಗ್ಯಾಲರಿಯಲ್ಲಿ ಮಶಿನನ್ನು ಅಡ್ಡ ಹಾಕಿ, ಹಳೆಯ ಸೀಲನ್ನು ಕಿತ್ತು, ಪುಸ್ತಿಕೆ ಹೇಳಿದಂತೆ ಹೊಸದನ್ನು ಸಾಬೂನಿನ ನೀರಲ್ಲಿ ಅದ್ದಿ ಹೆಬ್ಬೆರಳಿಂದ ಒತ್ತಿ ಕೂರಿಸಿದೆ. ನೀರು ತುಂಬಿಸಿ ಕೆಳಗೆ ಪೇಪರು ಹಾಸಿದೆವು. ಒಂದು ಗಂಟೆಯಾದರೂ ಪೇಪರು ಒಣಗಿಯೇ ಇತ್ತು. ಕಾಕೂ ಶಿರಾ ಮಾಡಿ ಕೊಟ್ಟರು. ನನ್ನ ಆಯುಷ್ಯದಲ್ಲಿ ಸರಿಯಾಗಿ ಮಾಡಿದ ಕೆಲಸ ಅದೊಂದೇ ಇರಬೇಕು. ಅಲ್ಲಿಗೇ ಬಿಟ್ಟಿದ್ದರೆ...

ಬಿಡಲಾಗಲಿಲ್ಲ. ರಬ್ಬರು ಒಣಗಿ ಸೀಳು ಬಿಟ್ಟರೆ? ನಮ್ಮ ಕಡೆಯವರಿಗೆ ತಲೆಗೂ ಗಾಯಕ್ಕೂ ಕಿರುಗುಟ್ಟುವ ಬಾಗಿಲಿಗೂ ತೆಂಗಿನೆಣ್ಣೆಯೇ ಮದ್ದು. ಪ್ರತಿ ಭಾನುವಾರ ಮಶಿನಿನ ಅಡಿಗೆ ಕೈ ತೂರಿಸಿ ಸೀಲಿಗೆ ಎಣ್ಣೆ ಸವರಿದೆ. "ಹೊಟ್ಟ್ಯಾಗ ಹುಟ್ಟಿದ ಮಗನೂ ಇಷ್ಟು ಕಾಳಜಿ ಮಾಡಂಗಿಲ್ಲ," ಎಂದರು ಕಾಕೂ. ನಾನು ಉಬ್ಬಿದೆ. ಸೀಲೂ ಉಬ್ಬುತ್ತಿತ್ತು, ನನಗೆ ತಿಳಿಯಲಿಲ್ಲ.

ಎರಡು ತಿಂಗಳಾಗಿರಬೇಕು. ಆಫೀಸಿನಿಂದ ಬಂದಾಗ ಗ್ಯಾಲರಿಯಲ್ಲಿ ಸುಟ್ಟ ವಾಸನೆ, ಮಶಿನು ನಿಂತುಹೋಗಿತ್ತು. ಕಾಕೂ ಅವರ ಗಂಡನ ಗೆಳೆಯ, ವಿಕ್ರೋಳಿಯ ಕಾರ್ಖಾನೆಯೊಂದರ ಫಿಟ್ಟರ್, ಬಂದು ಸೀಲನ್ನು ಎಳೆದು ಮೂಸಿದ.

"ಇದಕ್ಕ ಎಣ್ಣಿ ಹಚ್ಚಿದ ಶಾಣ್ಯಾ ಯಾರ್ರಿ? ರಬ್ಬರಿಗೆ ಎಣ್ಣಿ ಅಂದ್ರ ವಿಷ! ಉಬ್ಬಿ ಬಾಯಿ ತೆರದೈತಿ, ನೀರೆಲ್ಲಾ ಮೋಟರಿಗೆ ಇಳದೈತಿ."

ಎಣ್ಣೆ ಹಚ್ಚಿ ಬಾಚಿದ ನನ್ನ ತಲೆ ಮಿರುಗುತ್ತಿತ್ತು. ಕಾಕೂ ಒಮ್ಮೆ ಅದನ್ನು ನೋಡಿದರು.

"ನಾನ ಹಚ್ಚೀನ್ರಿ," ಎಂದರು. "ನನಗೇನ ಗೊತ್ತಿತ್ತು."

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟೇ ಮಾಡಿದೆ.

ಮೋಟರಿಗೆ ಹೊಸ ತಂತಿ ಸುತ್ತಿಸಬಹುದಿತ್ತು, ಆದರೆ ಸೀಲಿಲ್ಲದೆ ಅದೂ ಸುಡುವುದೇ. ಸೈಕಲ್ ಟ್ಯೂಬು ಕತ್ತರಿಸಿ ಹಾಕಿ ನೋಡಿದೆ. ನೀರು ನಿಲ್ಲಲಿಲ್ಲ. ಕಾಕೂ ಎರಡು ವಾರ ಕೈಯಲ್ಲೇ ಒಗೆದರು. ಹಗ್ಗದ ಮೇಲಿನ ಬಿಳಿ ಚಾದರಗಳಲ್ಲಿ ಅಲ್ಲಲ್ಲಿ ತೆಳುವಾಗಿ ರಕ್ತದ ಕಲೆ... ಲಾಡ್ಜಿನವರು ಬೇರೆ ಧೋಬಿಯನ್ನು ಹಿಡಿದರು.

ಕಾಕೂ ಅವರನ್ನು ಅಣ್ಣನ ಊರಿನ ಗಾಡಿ ಹತ್ತಿಸಲು ನಾನೇ ಹೋದೆ. ಎಣ್ಣೆಯ ವಿಷಯ ಹೇಳಬೇಕೆಂದೇ ಹೋಗಿದ್ದೆ. ಕಿಟಕಿಯೊಳಗಿಂದ ಅವರೇ ಮೊದಲು ಮಾತಾಡಿದರು. "ಕೀಲಿ ಹಾಕಿ ಬಂದೀಯಿಲ್ಲೋ ತಮ್ಮಾ? ಹೋಗಿ ಒಮ್ಮೆ ಜಗ್ಗಿ ನೋಡು ಮತ್ತ." ಇಬ್ಬರೂ ನಕ್ಕೆವು. ಗಾಡಿ ಹೊರಟಿತು. ಆಮೇಲೆ ಎರಡು ಕಾಗದ ಬರೆದೆ, ಎರಡರಲ್ಲೂ ಬರೀ ಮಳೆಯ ಸುದ್ದಿ. ಉತ್ತರ ಬರಲಿಲ್ಲ. ಅವರು ತೀರಿಕೊಂಡ ವಿಷಯ ಫಿಟ್ಟರನ ಬಾಯಿಂದ ತಿಳಿದದ್ದು, ವರ್ಷಗಳ ಮೇಲೆ.

ಹೆಂಡತಿ ಗ್ಯಾಸ್ಕೆಟ್ ಹಿಡಿದು ಇನ್ನೂ ನಿಂತೇ ಇದ್ದಳು. "ಎಣ್ಣೆ ಹಚ್ಚಿದ್ದು ನಾನೇ," ಎಂದೆ.

"ಸುಮ್ಮನಿರಿ. ನಿಮಗೆ ಕುಕ್ಕರಿನ ಮುಚ್ಚಳ ತೆಗೆಯಲೂ ಬರುವುದಿಲ್ಲ."

ಮಗಳು ಮೆಲ್ಲನೆ ಒಳಗೆ ಸರಿದಳು.

ಸಂಜೆ ಹೊಸ ಗ್ಯಾಸ್ಕೆಟ್ ತರಲು ಹೋದೆ. ಅಂಗಡಿಯ ಗೋಡೆಯ ಮೊಳೆಗೆ ದೊಡ್ಡ ಗೊಂಚಲೇ ನೇತಾಡುತ್ತಿತ್ತು. ಎಷ್ಟು ಕೊಡಲಿ ಎಂದು ಕೇಳಿದ ಅಂಗಡಿಯವ.

ಒಂದೇ ಸಾಕು, ಎಂದೆ.