ಸ್ಟ್ಯಾಂಡರ್ಡ್ ಸೈಜಿನ ಭುಜ

ಮುಂಬಯಿಯ ಚೆಂಬೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದೆ. ಭುಜದ ಕೀಲು ಬದಲಿಸುವ ಲೋಹದ ಸಾಮಾನು ಅಲ್ಲಿ ಇರುತ್ತಿರಲಿಲ್ಲ. ಹಿಂದಿನ ದಿನ ಏಜೆಂಟನಿಗೆ ವಾಟ್ಸಾಪ್ ಮಾಡಬೇಕು. ಬೆಳಿಗ್ಗೆ ಅವನು ದೊಡ್ಡ ಪೆಟ್ಟಿಗೆಯಲ್ಲಿ ತಂದು, ಬಳಸದೆ ಉಳಿದದ್ದನ್ನು ವಾಪಸ್ ಒಯ್ಯುತ್ತಾನೆ. ಆ ಮೆಸೇಜ್ ಮಾಡುವ ಕೆಲಸ ನನ್ನದು. ಈಗ ನೆನೆದರೂ ಹೇಸಿಗೆಯಾಗುತ್ತದೆ.

ಆ ಸಲದ ಪೇಷೆಂಟ್ ವಿಜಯಪುರದ ಕಡೆಯ ಹೆಂಗಸು. ಅರವತ್ತರ ಹತ್ತಿರ ಬಂದರೂ ಇಟ್ಟಿಗೆ ಹೊರುತ್ತಿದ್ದಳು. ಗೋರೆಗಾಂವ್‌ನಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ಮೆಟ್ಟಿಲಿನಿಂದ ಬಿದ್ದು ಬಲಭುಜ ಪುಡಿಪುಡಿಯಾಗಿತ್ತು. ನರ್ಸಿಂಗ್ ಹೋಮಿನ ಸಿಬ್ಬಂದಿಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ, ಹಾಗಾಗಿ ಅವಳ ಪ್ರಶ್ನೆಗಳೆಲ್ಲ ನನಗೇ.

"ಯವ್ವಾ, ಬುಟ್ಟಿ ಹಿಡ್ಯಾಕ ಕೈ ತಲಿ ಮಟಾ ಏಳತೈತಿಲ್ರಿ? ಏಳಲಿಲ್ಲಂದ್ರ ಮುಕಾದಮ್ ಕೆಲಸಕ್ಕ ಕರ್ಯಾಂಗಿಲ್ರಿ."

"ಏಳ್ತದೆ ಅಮ್ಮ, ಹೆದರ್ಬೇಡಿ," ಅಂದೆ. ಧೈರ್ಯ ಹೇಳುವುದಕ್ಕೆ ಏನು ಕಷ್ಟ!

ಹೆಗಲೆಲುಬಿನ ತುದಿಯಲ್ಲಿ, ತೋಳಿನ ಉಂಡೆ ಕೂರುವ ಆಳವಿಲ್ಲದ ಬಟ್ಟಲೊಂದಿದೆ. ಹೆಂಗಸರಲ್ಲಿ ಅದು ಸಾಮಾನ್ಯವಾಗಿ ಗಂಡಸರದಕ್ಕಿಂತ ಚಿಕ್ಕದು, ಅಗಲವೂ ಕಡಿಮೆ. ಎಲ್ಲರಿಗೂ ಹಾಗೇ ಎಂದಲ್ಲ, ಅದಕ್ಕೇ ಅಳೆಯಬೇಕು. ಇಟ್ಟಿಗೆ ಹೊತ್ತರೆ ಅಂಗೈ ಜಡ್ಡುಗಟ್ಟುತ್ತದೆ, ಬಟ್ಟಲೇನೂ ದೊಡ್ಡದಾಗುವುದಿಲ್ಲ. ಇದೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು? ಅವಳ ಅಗಲವಾದ ಒರಟು ಅಂಗೈ ನೋಡಿದೆ, ಕೂಲಿಯವಳು, ಎಲುಬೂ ದಪ್ಪವೇ ಇರುತ್ತದೆ ಅಂದುಕೊಂಡೆ, "ಸ್ಟ್ಯಾಂಡರ್ಡ್ ಸೆಟ್" ಎಂದು ಕಳಿಸಿಬಿಟ್ಟೆ. ಸ್ಕ್ಯಾನಿನಲ್ಲಿ ಅಳತೆ ಸಿಗುತ್ತಿತ್ತು. ನಾನು ಕೇಳಲಿಲ್ಲ, ಡಾಕ್ಟರು ತೆಗೆದು ನೋಡಲಿಲ್ಲ.

ಮರುದಿನ ಭುಜ ತೆರೆದು, ಬಟ್ಟಲಿಗೆ ಸ್ಕ್ರೂ ಹಾಕಿ ಕೂರಿಸುವ ಲೋಹದ ಬಿಲ್ಲೆಗಳಲ್ಲಿ ಪೆಟ್ಟಿಗೆಯಲ್ಲಿದ್ದ ಅತಿ ಚಿಕ್ಕದನ್ನು ಇಟ್ಟು ನೋಡಿದರೆ ಅದೂ ಎಲುಬಿನ ಅಂಚಿನಿಂದ ಹೊರಗೆ ಚಾಚಿತ್ತು. ಚಿಕ್ಕ ಡಬ್ಬಿಗೆ ದೊಡ್ಡ ಮುಚ್ಚಳ ಇಟ್ಟ ಹಾಗೆ. ಡಾಕ್ಟರು ಏಜೆಂಟನ ಕಡೆ ತಿರುಗಿದರು. ಮೂಲೆಯಲ್ಲಿ ನಿಂತಿದ್ದ ಅವನು ಮಂಗಳೂರಿನ ಕಡೆಯವನು, ನನ್ನ ಕಡೆ ತಿರುಗಿ ಕನ್ನಡದಲ್ಲೇ ಅಂದ.

"ಲೇಡೀಸ್ ಸೈಜ್ ಬೇರೆ ಪೆಟ್ಟಿಗೆ ಮಾರಾಯ್ರೆ, ಬೇಕಾದ್ರೆ ಹೇಳ್ಬೇಕಲ್ಲ. ವಿಲೆ ಪಾರ್ಲೆ ಗೋಡೌನಲ್ಲಿ ಉಂಟು. ತರ್ಲಿಕ್ಕೆ ಎರಡು ಗಂಟೆ ಆದೀತು."

ಗಂಡಸರದ್ದು ಸ್ಟ್ಯಾಂಡರ್ಡ್, ಹೆಂಗಸರದ್ದು ಕೇಳಿ ತರಿಸಿಕೊಳ್ಳಬೇಕಾದ ಸ್ಪೆಷಲ್! ಅವನ ಮುಖಕ್ಕೆ ಉಗಿಯಬೇಕೆನಿಸಿತು. ಬಾಯಿಗೆ ಮಾಸ್ಕ್ ಇತ್ತು, ಮೇಲಾಗಿ ಆರ್ಡರ್ ಮಾಡಿದವಳು ನಾನೇ.

"ಚಲೇಗಾ," ಅಂದರು ಡಾಕ್ಟರು. "ಲೇಬರ್ ಹೈ, ಹಡ್ಡಿ ಮಜಬೂತ್ ಹೋಗೀ." ಇದರಲ್ಲೇ ನಡೆಯುತ್ತದಂತೆ, ಕೂಲಿಯವಳ ಎಲುಬು ಗಟ್ಟಿಯೇ ಇರುತ್ತದಂತೆ. ಮಧ್ಯಾಹ್ನ ಅವರಿಗೆ ಇನ್ನೊಂದು ಕೇಸಿತ್ತು.

ನಾಲ್ಕು ಸ್ಕ್ರೂಗಳಲ್ಲಿ ಒಂದು ಎಲುಬು ಹಿಡಿಯದೆ ಸುಮ್ಮನೆ ತಿರುಗಿತು. ಒಂದೊಂದನ್ನೂ ಅವರ ಕೈಗೆ ಕೊಟ್ಟವಳು ನಾನು. "ಕಾಯೋಣ ಸರ್" ಅನ್ನಬಹುದಿತ್ತು. ಹಾಗೆ ಅಂದಿದ್ದರೆ ಮೆಸೇಜಿನ ಮಾತು ಮತ್ತೆ ಏಳುತ್ತಿತ್ತು. ಮುಂದಿನ ಸ್ಕ್ರೂ ಎತ್ತಿ ಕೊಟ್ಟೆ.

ಕೆಲವು ತಿಂಗಳಿಗೆ ಬಿಲ್ಲೆ ಸಡಿಲಾಯಿತು. ಬಟ್ಟಲಿನ ಅಂಚು ಒಡೆದು, ಮತ್ತೆ ಕೂರಿಸಲು ಅಲ್ಲಿ ಎಲುಬೇ ಉಳಿದಿರಲಿಲ್ಲ. ಆಕೆ ತೋರಿಸಲು ಬಂದಾಗ ಕೈ ಎದೆಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಡಾಕ್ಟರ ಕೋಣೆಯಿಂದ ಹೊರಬಂದವಳು ನನ್ನನ್ನು ಹುಡುಕಿಕೊಂಡು ಬಂದಳು. ಬೈಯಲಿ, ಎರಡು ಬಾರಿಸಲಿ ಎಂದು ಕಾದು ನಿಂತೆ.

"ನಿಮ್ಮದೇನ್ ತಪ್ಪಿಲ್ಲ ಬಿಡ್ರಿ," ಅಂದಳು. "ನನ್ನ ಎಲುಬನ ಭಾಳ ಸಣ್ಣವಂತ, ಡಾಕ್ಟರ್ ಹೇಳಿದ್ರು. ನಿಮಗೆಲ್ಲಾ ಸುಮ್ಮನ ತ್ರಾಸ ಕೊಟ್ಟೆ. ಹೌದಲ್ರಿ, ಎಲುಬ ಸಣ್ಣವಲ್ರಿ?"

"ಹೌದಮ್ಮ," ಅಂದೆ.